ಮಗಳಿಗೆ ಸುರಗಿ ಅಂತ ಹೆಸರಿಟ್ಟಿದ್ದು

ಯಾರೂ ಇಡದ ಹೆಸರು ಬೇಕು ಅಂತ ಎಲ್ಲರೂ ಹುಡುಕುತ್ತಾರೆ. ಎಲ್ಲರೂ ಹುಡುಕುವುದು ಒಂದೇ ಕಡೆ. ಹಾಗಾಗಿ ಎಲ್ಲರಿಗೂ ಸಿಗುವುದೂ ಒಂದೇ ಹೆಸರು. ನಾನು ಬಸುರಿಯಾಗಿದ್ದಾಗ ಕಾರವಾರದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ಸಂಜೆ ಆಡಲು ಬರುತ್ತಿದ್ದ ಮಕ್ಕಳು ಸಾನ್ವಿ, ಶಾನ್ವಿ, ಧನ್ವಿ, ಮತ್ತೆ ಬರೀ ಅನ್ವಿ. ಯಾರಾದರೂ ಒಬ್ಬ ಅಮ್ಮ ಮಹಡಿಯಿಂದ ಕರೆದರೆ ಎಲ್ಲ ಮಕ್ಕಳೂ ತಲೆ ಎತ್ತುತ್ತಿದ್ದವು.

ನಮ್ಮ ಕಾಲದಲ್ಲೇನು ಬೇರೆ ಇರಲಿಲ್ಲ ಬಿಡಿ. ಶಿರಸಿಯಲ್ಲಿ ನಾನು ಓದಿದ ಹೈಸ್ಕೂಲಿನಲ್ಲಿ ಸವಿತಾ, ಸುಮಾ, ವೀಣಾ, ಅಶ್ವಿನಿ ಇವೇ ಸುತ್ತಿ ಸುತ್ತಿ ಬರುತ್ತಿದ್ದವು. ಹಿಂದೆ ಹೆಗಡೆಯೋ ಭಟ್ಟೋ ಇದ್ದೇ ಇರುತ್ತಿತ್ತು. ಹಾಜರಿ ಕರೆಯುವ ಮೇಷ್ಟ್ರು ಊರ ಹೆಸರನ್ನೂ ಸೇರಿಸಿಕೊಳ್ಳಬೇಕಾಗಿತ್ತು. ನಮ್ಮ ಜಿಲ್ಲೆಯಲ್ಲಿ ಗಣಪತಿ ಹೆಗಡೆ ಅಂದರೆ ಯಾವ ಊರು, ಯಾವ ಕೇರಿ, ಯಾರ ಮಗ ಅಂತ ಕೇಳದೆ ಮಾತು ಮುಂದೆ ಹೋಗುವುದಿಲ್ಲ, ಅಲ್ವಾ? ನನ್ನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೂ ಅದು ನಾನೇ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟು ಜನ ಇದ್ದೇವೆ.

ಬಸುರಿಗೆ ಹೆಣ್ಣೋ ಗಂಡೋ ಗೊತ್ತಿರುವುದಿಲ್ಲವಲ್ಲ. ಆದರೂ ನಮ್ಮ ಪಟ್ಟಿಯಲ್ಲಿ ಹೆಣ್ಣು ಹೆಸರುಗಳೇ ಜಾಸ್ತಿ ಇದ್ದವು. ಗಂಡು ಮಗುವಾದರೆ ಆಮೇಲೆ ನೋಡೋಣ ಅನ್ನುವ ಧೋರಣೆ. ಮೊದಲು ಮೊಬೈಲಿನಲ್ಲೇ ಹುಡುಕಿದೆವು. ಅಲ್ಲಿ ಯಾವ ಹೆಸರು ಒತ್ತಿದರೂ ‘ಲಕ್ಷ್ಮೀ ದೇವಿಯ ಇನ್ನೊಂದು ಹೆಸರು’ ಅಂತಲೇ ಅರ್ಥ ಬರುತ್ತದೆ. ಎರಡು ಅಕ್ಷರ ಎತ್ತಿ ಜೋಡಿಸಿದರೆ ಸಾಕು, ಅದೂ ಲಕ್ಷ್ಮಿಯೇ. ಒಂದೆರಡು ಸಂಜೆ ನೋಡಿ, ನಗಾಡಿ, ಬಿಟ್ಟೆವು.

ಆಮೇಲೆ ಗಂಡ ಒಂದು ಶರತ್ತು ಹಾಕಿದರು. ಹೆಸರು ನಮ್ಮ ಜಿಲ್ಲೆಯ ಮಣ್ಣಿನದ್ದೇ ಆಗಿರಬೇಕು. ಅವರ ಊರು ಕುಮಟಾ ಹತ್ತಿರ, ಅಘನಾಶಿನಿ ದಂಡೆ. ನನ್ನ ತವರು ಶಿರಸಿ ಹತ್ತಿರದ ಹಳ್ಳಿ. ಇಬ್ಬರ ಕೆಲಸ ಕಾರವಾರ. ನನಗೂ ಈ ಶರತ್ತು ಸರಿ ಕಂಡಿತು. ಮಗು ದೊಡ್ಡದಾದ ಮೇಲೆ ‘ನನಗೆ ಈ ಹೆಸರು ಯಾಕೆ’ ಅಂತ ಕೇಳಿದರೆ ಕೈ ಮಾಡಿ ತೋರಿಸಲು ಏನಾದರೂ ಇರಬೇಕು.

ಅವರ ಮೊದಲ ಆಯ್ಕೆ ನೇರವಾಗಿ ಅಘನಾಶಿನಿ. ಸಮರ್ಥನೆಯನ್ನೂ ತಯಾರು ಮಾಡಿಕೊಂಡೇ ಬಂದಿದ್ದರು. ಈ ನದಿ ಶಿರಸಿ ಪೇಟೆಯ ಶಂಕರ ಹೊಂಡದಲ್ಲಿ ಹುಟ್ಟುತ್ತದೆ ಅನ್ನುತ್ತಾರೆ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕುತ್ತದೆ. ಕುಮಟಾ ತಾಲೂಕಿನ ತದಡಿ ಹತ್ತಿರ ಸಮುದ್ರ ಸೇರುತ್ತದೆ. ಪಕ್ಕದ ಕಾಳಿಗೂ ಶರಾವತಿಗೂ ಅಣೆಕಟ್ಟು ಬಿತ್ತು, ಇದಕ್ಕೆ ಇನ್ನೂ ಬಿದ್ದಿಲ್ಲ. “ನಿನ್ನ ಊರಲ್ಲಿ ಹುಟ್ಟಿ, ಯಾರಿಗೂ ತಡೆ ಹಾಕಲು ಬಿಡದೆ, ನಮ್ಮೂರಿಗೆ ಬರುವವಳು. ಇನ್ನೇನು ಬೇಕು?” ಅಂದರು. ಕೇಳಲು ಚೆನ್ನಾಗಿತ್ತು. ಆದರೆ ನಮ್ಮ ಕಡೆ ಪೂರ್ತಿ ಹೆಸರು ಕರೆಯುವವರು ಯಾರಿದ್ದಾರೆ? ಭಾಗೀರಥಿ ಹೋಗಿ ಭಾಗಿ ಆಗುತ್ತದೆ, ಸುಬ್ಬಲಕ್ಷ್ಮಿ ಸುಬ್ಬಿ ಆಗುತ್ತದೆ. ಅಘನಾಶಿನಿಯನ್ನು ತುಂಡು ಮಾಡಿದರೆ ಮೊದಲರ್ಧ ಪಾಪ, ಉಳಿದರ್ಧ ನಾಶ. ಶಾಲೆಯಲ್ಲಿ ಮಕ್ಕಳು ಯಾವ ಅರ್ಧ ಹಿಡಿದುಕೊಂಡರೂ ಕಷ್ಟವೇ.

ನನ್ನ ಆಯ್ಕೆ ಶಾಲ್ಮಲಾ. ಸೋಂದಾ ಹತ್ತಿರ ಸಹಸ್ರಲಿಂಗದಲ್ಲಿ ಬಂಡೆ ಬಂಡೆಗೂ ಲಿಂಗ ಕೆತ್ತಿಸಿಕೊಂಡು ಹರಿಯುತ್ತಾಳಲ್ಲ, ಅವಳು. ಚಿಕ್ಕವರಿದ್ದಾಗ ಬೇಸಿಗೆ ರಜೆಯಲ್ಲಿ ಆ ನೀರಿನಲ್ಲೇ ಬಿದ್ದುಕೊಂಡಿರುತ್ತಿದ್ದೆವು. ಗಂಡ ಒಂದೇ ಏಟಿಗೆ ಮುಗಿಸಿದರು: “ಮಸಾಲಾ ಅಂತ ಕರೀತಾರೆ ನೋಡು.” ಆ ಮೇಲೆ ಆ ಹೆಸರನ್ನು ಎಷ್ಟು ಸಲ ಹೇಳಿಕೊಂಡರೂ ನನಗೆ ದೋಸೆಯೇ ನೆನಪಾಗುತ್ತಿತ್ತು.

ಇನ್ನೊಂದು ದಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಬಂದಳು. 1552ರಿಂದ 1606ರವರೆಗೆ, 54 ವರ್ಷ ಆಳಿದವಳು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಅಂತ ಕರೆಯುತ್ತಿದ್ದರು. ಭೈರಾ ಅಂತ ಇಡೋಣ, ಗಟ್ಟಿಯಾಗಿದೆ ಅಂದರು ಗಂಡ. ನನಗೆ ನಿಜಕ್ಕೂ ಇಷ್ಟ ಆಗಿತ್ತು. ಈಗಲೂ ಇಷ್ಟವೇ. ಆದರೆ ಎರಡೂ ಮನೆಯಲ್ಲಿ ಫೋನಿನಲ್ಲಿ ಹೇಳಿದಾಗ ಆಚೆಯಿಂದ ಬಂದಿದ್ದು ‘ಹಲೋ, ಹಲೋ, ಕೇಳಿಸ್ತಾ ಇಲ್ಲ’ ಅನ್ನುವ ಉತ್ತರ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು.

ಕಾಳಿ ಅಂತ ಇಡುವ ಧೈರ್ಯವನ್ನು ನಾವಿಬ್ಬರೂ ಮಾಡಲಿಲ್ಲ. ಕಾರವಾರದ ನದಿಯೇ ಆದರೂ.

ಏಳನೇ ತಿಂಗಳಿನಲ್ಲಿ ತವರಿಗೆ ಹೋದೆ. ಅಲ್ಲಿ ನನ್ನ ಅಜ್ಜಿ, ಅಪ್ಪನ ತಾಯಿ, ಈ ಪಟ್ಟಿಗೆ ಒಂದು ಪರೀಕ್ಷೆ ಶುರು ಮಾಡಿದಳು. ನಮ್ಮ ಮನೆ ಇರುವುದು ಗುಡ್ಡದ ಬುಡಕ್ಕೆ. ಅಂಗಳದ ಕೆಳಗೆ ಅಡಿಕೆ ತೋಟ ಉದ್ದಕ್ಕೂ ಇಳಿದುಕೊಂಡು ಹಳ್ಳದವರೆಗೆ ಹೋಗುತ್ತದೆ. ತೋಟದ ಕೊನೆಯಲ್ಲಿ ಇದ್ದವರನ್ನು ಊಟಕ್ಕೆ ಕರೆಯಬೇಕು ಅಂದರೆ ಹಿತ್ತಿಲ ಮೆಟ್ಟಿಲ ಮೇಲೆ ನಿಂತು ಕೂಗಬೇಕು. ಎಲ್ಲರ ಕೈಯಲ್ಲಿ ಫೋನ್ ಬಂದರೂ ತೋಟದಲ್ಲಿ ಸಿಗ್ನಲ್ ಬಂದಿಲ್ಲ, ಹಾಗಾಗಿ ಕೂಗುವುದು ನಿಂತಿಲ್ಲ. ಅಜ್ಜಿ ಹೇಳಿದ್ದು ಇಷ್ಟೇ: “ಹೆಸ್ರು ಇಪ್ಪದು ಕರಿಯಲೆ. ಒಂದ್ಸಲ ಕೂಗಿ ನೋಡು.”

ನಾನು ನಗುತ್ತಾ ಕೂತಿದ್ದೆ. ಅಜ್ಜಿ ತಾನೇ ಎದ್ದು ಹೋಗಿ ಮೆಟ್ಟಿಲ ಮೇಲೆ ನಿಂತಳು. ಎಂಬತ್ತು ದಾಟಿದ ಗಂಟಲು, ಆದರೂ ಗಟ್ಟಿ. “ಶಾಲ್ಮಲಾ” ಅಂತ ಕೂಗಿದಳು. ಲ ಮತ್ತು ಮ ಸೇರುವ ಕಡೆ ದನಿ ಮುಗ್ಗರಿಸಿ, ತೋಟದ ಮೊದಲ ಸಾಲಿನಲ್ಲೇ ಬಿದ್ದುಹೋಯಿತು. “ಅಘನಾಶಿನೀ” ಸ್ವಲ್ಪ ದೂರ ಹೋಯಿತು, ಆದರೆ ಕೂಗಿ ಮುಗಿಸುವಾಗ ಅಜ್ಜಿಗೆ ಉಸಿರು ಇರಲಿಲ್ಲ. ಹಳ್ಳದ ಆಚೆ ಮನೆಯವರು ಹೊರಗೆ ಬಂದು ಯಾರಿಗೆ ಏನಾಯಿತು ಅಂತ ಕೇಳಿದರು. ಒಳಗೆ ಬಂದು ಕೂತು ತೀರ್ಪು ಕೊಟ್ಟಳು: “ಚೊಲೋ ಇದ್ದು. ಆದ್ರೆ ಕರಿಯಲೆ ಬರ್ತಿಲ್ಲೆ.”

ಈ ಪರೀಕ್ಷೆಯನ್ನು ಮೊದಲು ತಮಾಷೆ ಅಂದುಕೊಂಡೆ. ಆಮೇಲೆ ನಾನೇ ಪ್ರತಿ ಹೆಸರನ್ನೂ ಹಾಗೆ ಕೂಗಿ ನೋಡತೊಡಗಿದೆ. ಬರೆದಾಗ ಚಂದ ಕಾಣುವ ಎಷ್ಟೋ ಹೆಸರುಗಳು ಬಾಯಿ ಬಿಟ್ಟು ಕೂಗಿದಾಗ ಅಲ್ಲೇ ಸೋತುಬಿಡುತ್ತವೆ. ಹೆಸರು ಹುಡುಕುವವರಿಗೆ ನಾನು ಇವತ್ತಿಗೂ ಕೊಡುವ ಸಲಹೆ ಇದೊಂದೇ. ಫ್ಲಾಟಿನಲ್ಲಿ ಇರುವವರು ಟೆರೇಸಿಗೆ ಹೋಗಿ ಕೂಗಿ. ಅಕ್ಕಪಕ್ಕದವರು ಏನಂದುಕೊಂಡರೂ ಪರವಾಗಿಲ್ಲ.

2023ರ ಮಾರ್ಚ್. ಶಿರಸಿ ಪೇಟೆಯಲ್ಲಿ ಹೋಳಿಯ ರಾತ್ರಿಗಳಲ್ಲಿ ಕುಣಿಯುವ ಬೇಡರ ವೇಷದ ತಮಟೆ ಸದ್ದು ಮುಗಿದು, ಹೋಳಿ ಬಣ್ಣವೂ ಆಗಿ, ಮಾರನೇ ರಾತ್ರಿ ಮಗು ಹುಟ್ಟಿತು. ಹೆಣ್ಣು. ಹೆರಿಗೆ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಅದು ಬೇರೆಯೇ ಪುರಾಣ.

ಮನೆಗೆ ಬಂದ ಮೇಲೆ ಮಗು ಬರೀ ಕೂಸು. ನಮ್ಮ ಹವ್ಯಕರಲ್ಲಿ ಹೆಣ್ಣು ಮಗು ಕೂಸು, ಗಂಡು ಮಗು ಮಾಣಿ. ಎಷ್ಟೋ ಮನೆಗಳಲ್ಲಿ ಮದುವೆ ಆಗಿ ಹೋಗುವವರೆಗೂ ಇದೇ ಹೆಸರು. ಆಯಿಯ, ಅಂದರೆ ನನ್ನ ಅಮ್ಮನ, ವಾದವೂ ಅದೇ ಆಗಿತ್ತು. ಏನಾದರೂ ಇಡಿ, ನಾವು ಹೇಗೂ ಕೂಸು ಅಂತಲೇ ಕರೆಯುವುದು, ಅದಕ್ಕೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ನಾಮಕರಣಕ್ಕೆ ದಿನ ಹತ್ತಿರ ಬರುತ್ತಿತ್ತು, ಕೈಯಲ್ಲಿ ಹೆಸರಿಲ್ಲ. ಆಗ ಅತ್ತೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಮಗು ನೋಡಲು ಬಂದರು. ಚೀಲದಲ್ಲಿ ತೆಂಗಿನಕಾಯಿ, ಕುಮಟಾದ ಸಿಹಿ ಈರುಳ್ಳಿಯ ಗೊಂಚಲು, ಎಲ್ಲದರ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಬಿಚ್ಚಿದರೆ ಸುರಗಿ ಮಾಲೆ.

ಸುರಗಿ ನೋಡದವರಿಗೆ ಸ್ವಲ್ಪ ಹೇಳಬೇಕು. ಪಶ್ಚಿಮ ಘಟ್ಟದ ಮತ್ತು ಕರಾವಳಿಯ ಮರ ಅದು, ವರ್ಷಪೂರ್ತಿ ದಟ್ಟ ಹಸಿರು. ಬೇಸಿಗೆಯ ಶುರುವಿನಲ್ಲಿ ರೆಂಬೆಯ ಮೈಗೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಮೊಗ್ಗು ಬಿಡುತ್ತದೆ, ಎಲೆಯ ಹಿಂದೆ ಅಡಗಿಕೊಂಡು. ಬಟಾಣಿ ಕಾಳಿನಷ್ಟೇ ದೊಡ್ಡದು. ಬಿರಿದರೆ ಒಳಗೆ ಬಿಳಿ ಎಸಳು, ನಡುವೆ ಹಳದಿ ಕೇಸರ ಕಿಕ್ಕಿರಿದು ನಿಂತಿರುತ್ತದೆ. ಬಿರಿಯುವ ಮೊದಲೇ ಕೊಯ್ಯಬೇಕು. ಅದಕ್ಕೆ ಬೆಳಕು ಹರಿಯುವ ಮೊದಲೇ ಮರ ಹತ್ತುತ್ತಾರೆ. ಸ್ವಲ್ಪ ತಡವಾದರೆ ಜೇನುಹುಳುಗಳು ಮುತ್ತಿಕೊಂಡಿರುತ್ತವೆ. ಅಂಕೋಲಾ, ಕುಮಟಾ ಕಡೆ ಹೆಂಗಸರು ಇದನ್ನು ಪೋಣಿಸಿ ಮಾಲೆ ಮಾಡುತ್ತಾರೆ. ಮಲ್ಲಿಗೆ ಸಂಜೆಗೆ ಬಾಡಿ, ಮಾರನೇ ದಿನ ಕಸ. ಸುರಗಿ ಹಾಗಲ್ಲ. ಒಣಗಿ, ತುಕ್ಕಿನ ಬಣ್ಣಕ್ಕೆ ತಿರುಗಿದ ಮೇಲೂ ಪರಿಮಳ ಬಿಡುವುದಿಲ್ಲ. ಸೀರೆ ಪೆಟ್ಟಿಗೆಯಲ್ಲಿ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ನಮ್ಮ ಅಜ್ಜಿಯ ಟ್ರಂಕಿನಲ್ಲೂ ಹಿಂದಿನ ವರ್ಷದ್ದು ಒಂದು ಸರ ಇತ್ತು. ಮುಟ್ಟಿದರೆ ಪುಡಿ ಆಗುತ್ತಿತ್ತು, ವಾಸನೆ ಮಾತ್ರ ಹಾಗೆಯೇ.

ಬಾಣಂತಿ ಇಷ್ಟು ಘಾಟು ಹೂವು ಮುಡಿಯಬಾರದು ಅಂತ ಅಜ್ಜಿ ತಡೆದಳು. ಸರಿ, ಕೋಣೆಯ ಆಚೆ ಮೊಳೆಗೆ ತೂಗು ಹಾಕಿದರು. ಎರಡು ದಿನ ಆದ ಮೇಲೆ ಗಂಡನ ವಿಡಿಯೊ ಕಾಲ್ ಬಂದಿತ್ತು. ನಾನು ಮಗುವಿನ ಮುಖಕ್ಕೆ ಫೋನ್ ಹಿಡಿದುಕೊಂಡಿದ್ದೆ. ಅತ್ತೆ ಹೊರಗಿನಿಂದ “ಸುರಗಿ ಎಲ್ಲಿ? ಇಲ್ಲೇ ಇತ್ತಲ್ಲ” ಅಂತ ಕೇಳಿದರು. ಮೊಳೆಯಿಂದ ಯಾರೋ ತೆಗೆದಿಟ್ಟಿದ್ದರು.

ಆಚೆಯಿಂದ ಗಂಡ ಕೇಳಿದರು: “ಯಾರದು ಸುರಗಿ? ಹೊಸಬರು ಯಾರಾದ್ರೂ ಬಂದಿದ್ದಾರಾ?”

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಫೋನ್ ಇಡುವ ಮೊದಲೇ ಗಂಡ “ಇದೇ ಇರಲಿ” ಅಂದಿದ್ದರು. ನನಗೆ ಹಾಗೆ ತಕ್ಷಣ ಹೌದು ಅನ್ನಲು ಆಗಲಿಲ್ಲ. ಅಜ್ಜಿಗೆ ಹೇಳಿದೆ. ಅವಳು ಎದ್ದು ಹಿತ್ತಿಲಿಗೆ ಹೋದಳು. “ಸುರಗೀ” ಅಂತ ಕೂಗಿದಳು. ಕೊನೆಯ ಅಕ್ಷರವನ್ನು ಎಳೆದಷ್ಟೂ ಹೋಗುತ್ತದೆ ಅದು. ತೋಟದ ತುದಿಯಲ್ಲಿ ಸೋಗೆ ಎಳೆಯುತ್ತಿದ್ದ ಅಪ್ಪ “ಹೋ” ಅಂತ ಓಗೊಟ್ಟರು. ಯಾರನ್ನು ಕರೆದದ್ದು ಅಂತ ಅವರಿಗೆ ಗೊತ್ತಿರಲಿಲ್ಲ, ಊಟಕ್ಕೆ ಕರೆದರು ಅಂದುಕೊಂಡು ಕೈ ತೊಳೆದುಕೊಂಡೇ ಬಂದರು.

ಇಲ್ಲಿಂದ ಶುರುವಾಯಿತು ನೋಡಿ ಆಕ್ಷೇಪ.

ಅತ್ತೆಯ ತಂಗಿ ಫೋನ್ ಮಾಡಿ, ಹೂವಿನ ಹೆಸರೇ ಬೇಕಾದರೆ ಮಲ್ಲಿಗೆ ಇಲ್ವಾ, ಸಂಪಿಗೆ ಇಲ್ವಾ, ಕಾಡು ಹೂವೇ ಬೇಕಿತ್ತಾ ಅಂದರು. ಬೆಂಗಳೂರಿನ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಇಂಗ್ಲಿಷಿನಲ್ಲಿ ಬರೆದರೆ ಯಾರಿಗೂ ಓದಲು ಬರುವುದಿಲ್ಲ, ನಾಳೆ ಅಮೆರಿಕಕ್ಕೆ ಹೋದರೆ ಏನು ಮಾಡುತ್ತಾಳೆ ಅಂದ. ಆಗ ಮಗುವಿಗೆ ಇನ್ನೂ ಕುತ್ತಿಗೆ ನಿಂತಿರಲಿಲ್ಲ. ಇನ್ನೊಬ್ಬರು ಸಂಖ್ಯಾಶಾಸ್ತ್ರ ನೋಡಿ, ಒಂದು ‘ಎ’ ಜಾಸ್ತಿ ಹಾಕಿದರೆ ಅದೃಷ್ಟ ತಿರುಗುತ್ತದೆ ಅಂತ ಕಳಿಸಿದರು. ಇವರಿಗೆಲ್ಲ ‘ನೋಡೋಣ’ ಅಂತ ಹೇಳಿದರೆ ಸಾಕು. ನಮ್ಮ ಕಡೆ ‘ನೋಡೋಣ’ ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ಚಿಕ್ಕಪ್ಪನಿಗೆ ಹಾಗೆ ಹೇಳಿ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಎದುರಾಳಿ ಸಿಕ್ಕರೆ ಬೆಳಗಿನ ಜಾವದವರೆಗೂ ಬಿಡುವವರಲ್ಲ. ಮೊದಲನೆಯದಾಗಿ, ಹಳೆಗನ್ನಡದಲ್ಲಿ ಸುರಗಿ ಅಂದರೆ ಚೂರಿ, ಹೆಣ್ಣು ಮಗುವಿಗೆ ಚೂರಿ ಅಂತ ಹೆಸರಿಡುತ್ತೀರಾ? ಎರಡನೆಯದಾಗಿ, ಮನುಸ್ಮೃತಿಯ ಮೂರನೇ ಅಧ್ಯಾಯ ನೋಡಿ. ನಕ್ಷತ್ರ, ಮರ, ನದಿ, ಬೆಟ್ಟ, ಹಕ್ಕಿ, ಹಾವು ಇವುಗಳ ಹೆಸರಿರುವ ಕನ್ಯೆಯನ್ನು ಮದುವೆಯಾಗಬಾರದು ಅಂತ ಸ್ಪಷ್ಟವಾಗಿ ಹೇಳಿದೆ. ಸುರಗಿ ಮರ. ನಾಳೆ ಗಂಡು ಹುಡುಕುವಾಗ ಏನು ಹೇಳುತ್ತೀರಿ?

ಶ್ಲೋಕವನ್ನು ರಾಗವಾಗಿ ಹೇಳಿಯೂ ತೋರಿಸಿದರು. ನಾವೆಲ್ಲ ಸುಮ್ನೆ ಕೂತಿದ್ದೆವು. ಅಡಿಕೆ ಕತ್ತರಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಕೇಳಿದಳು: “ಹಂಗಾರೆ ನಿನ್ನಪ್ಪ ನನ್ನ ಎಂತಕ್ಕೆ ಮದ್ವೆ ಆದ?”

ಅಜ್ಜಿಯ ಹೆಸರು ಭಾಗೀರಥಿ. ನದಿ. ಅಲ್ಲೇ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಚಿಕ್ಕಮ್ಮ ರೇವತಿ. ನಕ್ಷತ್ರ. ಅಷ್ಟು ದೊಡ್ಡ ಅರ್ಥಧಾರಿ ಮಾತಿಲ್ಲದೆ ಕೂತಿದ್ದನ್ನು ನಾನು ಆ ಒಂದೇ ಸಲ ನೋಡಿದ್ದು. ಆ ಶ್ಲೋಕವನ್ನು ಪಾಲಿಸಿದ್ದರೆ ನಮ್ಮ ಜಿಲ್ಲೆಯಲ್ಲಿ ಗಂಗಾ, ಯಮುನಾ, ಕಾವೇರಿ, ರೋಹಿಣಿ ಯಾರಿಗೂ ಮದುವೆಯೇ ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಸಾವರಿಸಿಕೊಂಡು ಅದೇ ಗ್ರಂಥದ ಎರಡನೇ ಅಧ್ಯಾಯಕ್ಕೆ ಹೋದರು. ಹೆಣ್ಣಿನ ಹೆಸರು ಸುಲಭವಾಗಿ ಕರೆಯಲು ಬರಬೇಕು, ಕಠೋರ ಇರಬಾರದು, ಮನಸ್ಸಿಗೆ ಹಿತವಾಗಿರಬೇಕು, ಕೊನೆಗೆ ದೀರ್ಘ ಇರಬೇಕು ಅಂತ ಅಲ್ಲಿ ಇದೆಯಂತೆ. ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಮಾಡಿದ ಪರೀಕ್ಷೆಯೂ ಅದೇ ತಾನೇ? ಅವಳಂತೂ ಆ ಪುಸ್ತಕ ಮುಟ್ಟಿದವಳಲ್ಲ.

ಚೂರಿಯ ವಿಷಯಕ್ಕೆ ನನ್ನ ತಕರಾರು ಏನೂ ಇರಲಿಲ್ಲ. ಹೆಣ್ಣು ಮಗುವಿಗೆ ಅದೂ ಇರಲಿ ಅಂದೆ.

ಇನ್ನು ಉಳಿದಿದ್ದು ಭಟ್ಟರು. ಜಾತಕದಲ್ಲಿ ಹಸ್ತಾ ನಕ್ಷತ್ರ, ಮೂರನೇ ಪಾದ. 27 ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108, ಒಂದೊಂದು ಪಾದಕ್ಕೂ ಒಂದೊಂದು ಅಕ್ಷರ. ಹಸ್ತಾಕ್ಕೆ ಪು, ಷ, ಣ, ಠ. ನಮ್ಮ ಮಗುವಿಗೆ ಬಂದ ಅಕ್ಷರ ‘ಣ’. ಕನ್ನಡದಲ್ಲಿ ಣ ಅಕ್ಷರದಿಂದ ಶುರುವಾಗುವ ಒಂದು ಹೆಸರು ಹೇಳಿ ನೋಡೋಣ! ನಾನು ಗಾಬರಿಯಾಗಿದ್ದೆ, ಭಟ್ಟರಿಗೆ ಇದು ದಿನನಿತ್ಯದ ವಿಷಯ. ನಾಮಕರಣದಲ್ಲಿ ಇಡುವುದು ಒಂದೇ ಹೆಸರಲ್ಲ, ಕುಲದೇವತೆಯ ಹೆಸರು, ಮಾಸದ ಹೆಸರು, ನಕ್ಷತ್ರದ ಹೆಸರು, ಕೊನೆಗೆ ವ್ಯವಹಾರದ ಹೆಸರು ಅಂತ ನಾಲ್ಕು ಇರುತ್ತದೆ ಅಂದರು. ಹಸ್ತಾ ನಕ್ಷತ್ರದ ದೇವತೆ ಸವಿತೃ, ಹಾಗಾಗಿ ನಕ್ಷತ್ರದ ಲೆಕ್ಕಕ್ಕೆ ಸಾವಿತ್ರಿ ಇರಲಿ. ಕರೆಯುವ ಹೆಸರು ನಿಮ್ಮಿಷ್ಟ. ಸುರಗಿ ಅಂದಾಗ ಬೆರಳು ಮಡಚಿ ಎಣಿಸಿದರು. ಮೂರು. ಹೆಣ್ಣು ಮಕ್ಕಳಿಗೆ ಬೆಸ ಸಂಖ್ಯೆಯ ಅಕ್ಷರ ಶಾಸ್ತ್ರಕ್ಕೆ ಸರಿ ಅಂತ ಒಪ್ಪಿಗೆ ಕೊಟ್ಟುಬಿಟ್ಟರು. ಮನೆಯವರೆಲ್ಲರಿಗಿಂತ ಭಟ್ಟರೇ ಸಲೀಸು.

ನಾಮಕರಣದ ದಿನ ಹಿತ್ತಾಳೆ ಹರಿವಾಣದಲ್ಲಿ ಅಕ್ಕಿ ಹರಡಿ ಗಂಡನ ಮುಂದೆ ಇಟ್ಟರು. ಚಿನ್ನದ ಉಂಗುರದಲ್ಲಿ ಬರೆಯಬೇಕು. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರು, ಕೈಯಲ್ಲಿ ಬರೆದು ಎಷ್ಟು ವರ್ಷ ಆಗಿತ್ತೋ. ಮೊದಲ ಮೂರು ಹೆಸರಿಗೇ ಜಾಗ ಮುಗಿಯುತ್ತಾ ಬಂತು. ನಾಲ್ಕನೆಯದು ಹರಿವಾಣದ ಅಂಚಿನಲ್ಲಿ ಬಾಗಿಕೊಂಡು ಬಂತು. ‘ಸು’ ಬರೆದು ‘ರ’ ಬರೆಯುವಷ್ಟರಲ್ಲಿ ಅಕ್ಕಿ ಜಾರಿ ಸು ಮುಚ್ಚಿಹೋಯಿತು. ಭಟ್ಟರು ಹರಿವಾಣವನ್ನು ಮೆಲ್ಲಗೆ ಅಲುಗಿಸಿ ಮತ್ತೆ ಬರೆಸಿದರು. ಆಮೇಲೆ ನಾದಿನಿ, ಅಂದರೆ ಮಗುವಿನ ಸೋದರತ್ತೆ, ಕಿವಿಯಲ್ಲಿ ಹೆಸರು ಹೇಳಿ ತೊಟ್ಟಿಲಿಗೆ ಹಾಕಿದಳು. ಹೆಸರು ಜೋರಾಗಿ ಹೇಳಿದಾಗ ಪಡಸಾಲೆಯಲ್ಲಿ ಕೂತಿದ್ದವರ ನಡುವೆ “ಎಂತ ಹೆಸ್ರಡ?” “ಎಂತಡ?” ಅನ್ನುವ ಪಿಸುಮಾತು ಹಿಂದಿನ ಸಾಲಿನವರೆಗೂ ಹೋಯಿತು. ಹಿಂದೆ ಹೋಗಿ ತಲುಪುವಷ್ಟರಲ್ಲಿ ಅದು ಸುರಭಿ ಆಗಿತ್ತು. ಅಪ್ಪೆಹುಳಿ ಬಡಿಸುವಾಗ ಒಬ್ಬರು, ಸುರಭಿ ಒಳ್ಳೆ ಹೆಸರು, ಕಾಮಧೇನು ಅಂತ ಹೊಗಳಿದರು.

ಈ ಸುರಭಿ ನಮ್ಮನ್ನು ಕಚೇರಿಯವರೆಗೂ ಬೆನ್ನು ಬಿಡಲಿಲ್ಲ. ಹೆಸರು ಅಪರೂಪದ್ದಾದರೆ ಕಷ್ಟ ಇರುವುದು ನೆಂಟರಲ್ಲಿ ಅಲ್ಲ, ಕಂಪ್ಯೂಟರ್ ಮುಂದೆ ಕೂತವರಲ್ಲಿ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಹುಟ್ಟಿದ 21 ದಿನದೊಳಗೆ ನೋಂದಣಿ ಆಗಬೇಕು, ಆದರೆ ಆಗಲೇ ಹೆಸರು ಇರಬೇಕು ಅಂತಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದೂ ದಾಟಿದರೆ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಹೆಸರು ಸಿಗದೆ ಒದ್ದಾಡುವವರು ಇದನ್ನು ತಿಳಿದುಕೊಂಡರೆ ಅರ್ಧ ತಲೆನೋವು ಕಡಿಮೆ. ಗಡಿಬಿಡಿಯಲ್ಲಿ ಸಿಕ್ಕಿದ್ದನ್ನು ಬರೆಸಿ, ಆಮೇಲೆ ಬದಲಿಸಲು ಓಡಾಡುವುದು ಬೇಡ. ಅಕ್ಟೋಬರ್ 1, 2023ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲದಕ್ಕೂ ಹುಟ್ಟಿದ ತಾರೀಕಿಗೆ ಈ ಪ್ರಮಾಣಪತ್ರವೇ ಆಧಾರ. ಅದರಲ್ಲಿ ಅಕ್ಷರ ತಪ್ಪಿದರೆ ಎಲ್ಲ ಕಡೆ ತಪ್ಪುತ್ತದೆ.

ನಾವು ಅರ್ಜಿಯಲ್ಲಿ ದುಂಡಗೆ ಬರೆದುಕೊಟ್ಟಿದ್ದರೂ ಪರದೆಯ ಮೇಲೆ ಸುರಭಿ ಬಂತು. ಆಪರೇಟರ್ ಹುಡುಗನ ತಪ್ಪು ಅಂತಲೂ ಹೇಳಲಾರೆ. ನಮ್ಮ ಅರ್ಜಿಯಲ್ಲೇ ತಪ್ಪಾಗಿದೆ, ಪಾಪ ತಿದ್ದಿಕೊಡೋಣ ಅಂತ ಒಳ್ಳೆ ಮನಸ್ಸಿನಿಂದ ತಿದ್ದಿದ್ದ. ಪ್ರಿಂಟ್ ತೆಗೆಯುವ ಮೊದಲು ಪರದೆ ತೋರಿಸಿ ಅಂತ ಗಂಡ ಹಟ ಹಿಡಿದದ್ದಕ್ಕೆ ಬಚಾವಾದೆವು. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಗೊಣಗಲಿ.

ಇಂಗ್ಲಿಷ್ ಅಕ್ಷರಗಳದ್ದು ಇನ್ನೊಂದು ರಗಳೆ. ಎಸ್, ಯು, ಆರ್, ಎ, ಜಿ, ಐ. ಇದನ್ನು ಕಂಡವರು ಸುರಾಗಿ ಅಂತಾರೆ, ಸೂರಜಿ ಅಂತಾರೆ. ಆಧಾರ್ ಕೇಂದ್ರದಲ್ಲಿ ಇಂಗ್ಲಿಷಿನಲ್ಲಿ ಹಾಕಿದ ಹೆಸರನ್ನು ಯಂತ್ರ ತಾನೇ ಕನ್ನಡಕ್ಕೆ ತಿರುಗಿಸುತ್ತದೆ, ಅಲ್ಲಿ ಮಗಳು ಸುರಾಗಿ ಆಗಿ ಕೂತಿದ್ದಳು. ಅದನ್ನು ಕೈಯಿಂದ ತಿದ್ದಿಸಬಹುದು, ಆದರೆ ಕೇಳಿದರೆ ಮಾತ್ರ ತಿದ್ದುತ್ತಾರೆ. ಬೆಂಗಳೂರಿನ ಅಣ್ಣ ಒಂದು ‘ಯು’ ಜಾಸ್ತಿ ಹಾಕಿಸು, ಒಂದು ‘ಎಚ್’ ಹಾಕಿಸು ಅಂತ ಬೇರೆ ಬೇರೆ ಉಪಾಯ ಹೇಳಿದ್ದ. ಒಂದೂ ಹಾಕಿಸಲಿಲ್ಲ. ಎಲ್ಲ ಕಾಗದದಲ್ಲೂ ಒಂದೇ ಥರ ಇದ್ದರೆ ಸಾಕು. ಹೊರಗಿನವರು ಹೇಗೆ ಓದಿದರೂ ಒಂದು ಸಲ ಹೇಳಿಕೊಟ್ಟರೆ ಕಲಿಯುತ್ತಾರೆ. ಎಷ್ಟೆಷ್ಟೋ ದೇಶದವರ ಹೆಸರುಗಳನ್ನು ನಾವು ಕಲಿತಿಲ್ವಾ?

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ ಸುದ್ದಿ ಬಂತು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಗಂಡ ಪೇಪರ್ ತಂದು ನನ್ನ ಮುಂದೆ ಹಿಡಿದರು. ಅವರ ಹೆಸರು ಜಗತ್ತಿಗೇ ಗೊತ್ತಾಯಿತಂತೆ, ನಾನೇ ಬೇಡ ಅಂದವಳಂತೆ. ಇನ್ನೊಂದು ಹೆಣ್ಣಾದರೆ ಇಡೋಣ ಅಂದೆ. ಪೇಪರ್ ಮಡಚಿ ಇಟ್ಟರು.

ಕಾರವಾರದಲ್ಲಿ ನಮ್ಮ ಪಕ್ಕದ ಮನೆಯವರು ಕೊಂಕಣಿ ಮಾತಾಡುವವರು. ಅವರ ಬಾಯಲ್ಲಿ ಈ ಹೂವು ಸುರಂಗಿ. ಮಗಳನ್ನೂ ಹಾಗೆಯೇ ಕರೆಯುತ್ತಾರೆ, ಪ್ರೀತಿಯಿಂದಲೇ. ಅವರ ಮಗ ಹೈಸ್ಕೂಲು ಹುಡುಗ, ಅವನಿಗೆ ಅದು ಸುರಂಗ. ಹೆದ್ದಾರಿಯಲ್ಲಿ ಕಾರವಾರಕ್ಕೆ ಬರುವಾಗ ಸುರಂಗ ಸಿಗುತ್ತದಲ್ಲ, ಅದರೊಳಗೆ ಹೋಗುವಾಗೆಲ್ಲ ‘ನಿನ್ನ ಹೆಸರು ಬಂತು’ ಅಂತ ಕಾಡಿಸುತ್ತಾನೆ. ಇವಳಿಗೆ ಅದು ಹೆಮ್ಮೆ. ಆ ರಸ್ತೆ ತನ್ನದು ಅಂದುಕೊಂಡಿದ್ದಾಳೆ. ಅಜ್ಜಿಗಂತೂ ಈಗ ಈ ಹೆಸರು ತಾನೇ ಇಟ್ಟಿದ್ದು. ಮನೆಗೆ ಬಂದವರಿಗೆಲ್ಲ ಹಾಗೆಯೇ ಹೇಳುತ್ತಾಳೆ. ಕಾಡು ಹೂವು ಅಂದಿದ್ದ ಅತ್ತೆಯ ತಂಗಿ ಕಳೆದ ಬೇಸಿಗೆಯಲ್ಲಿ ಎರಡು ಸರ ಒಣ ಸುರಗಿ ಕಳಿಸಿಕೊಟ್ಟರು, ಮೊಮ್ಮಗಳ ಹೂವು ಅಂತ.

ಇಷ್ಟೆಲ್ಲ ಆದ ಮೇಲೆ ಹೆಸರಿನ ಒಡತಿಗೆ ‘ರ’ ಬರಲಿಲ್ಲ. ಮಾತು ಶುರುವಾದಾಗ ತನ್ನ ಹೆಸರು ಸುಗ್ಗಿ ಅಂದಳು. ಸುರಗಿಯನ್ನು ಬೇಗ ಬೇಗ ಹೇಳಿ ನೋಡಿ, ಹಾಗೆಯೇ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿಕೊಂಡು ಸುಗ್ಗಿ ಕುಣಿಯುವುದು ಹೋಳಿ ಹೊತ್ತಿಗೇ, ಇವಳು ಹುಟ್ಟಿದ್ದೂ ಆ ಹೊತ್ತಿಗೇ. ಹಾಗಾಗಿ ಕುಮಟಾದ ಮನೆಯಲ್ಲಿ ಎಲ್ಲರಿಗೂ ಅದು ಇನ್ನೂ ಹಿಡಿಸಿಬಿಟ್ಟಿತು. ಈಗ ಅವಳಿಗೆ ‘ರ’ ಚೆನ್ನಾಗಿಯೇ ಬರುತ್ತದೆ, ರಸ್ತೆ, ರೊಟ್ಟಿ ಎಲ್ಲ ಹೇಳುತ್ತಾಳೆ. ಹೆಸರು ಕೇಳಿದರೆ ಮಾತ್ರ ಸುಗ್ಗಿಯೇ.

ಅಂಗನವಾಡಿಗೆ ಸೇರಿಸಿದ ದಿನ ಟೀಚರ್ ಅವಳನ್ನೇ ಕೇಳಿ, ಅವಳು ಹೇಳಿದ ಹಾಗೆ ಹಾಜರಿ ಪುಸ್ತಕದಲ್ಲಿ ‘ಸುಗ್ಗಿ’ ಅಂತ ಬರೆದುಕೊಂಡರು. ನಾನು ಪ್ರಮಾಣಪತ್ರ ತೋರಿಸಿದೆ. ಟೀಚರ್ ಅದಕ್ಕೆ ಅಡ್ಡ ಗೀಟು ಹಾಕಿ ಪಕ್ಕದಲ್ಲಿ ಸುರಗಿ ಅಂತ ಬರೆದರು. ಮಗಳು ನೋಡುತ್ತಾ ನಿಂತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ದೂರು, ಟೀಚರ್ ನನ್ನ ಹೆಸರು ಹೊಡೆದು ಹಾಕಿದರು, ಅಮ್ಮ ಸುಮ್ನೆ ನೋಡುತ್ತಾ ನಿಂತಿದ್ದಳು ಅಂತ. ರಾತ್ರಿ ಅಪ್ಪ ಬಂದ ಮೇಲೆ ಅವರಿಗೂ ಹೇಳಿದಳು.